ಮರೋಡ್ ಫಲಿ ಹೊಟ್ಟೆ ನುಲಿತಕ್ಕೆ ಮದ್ದು, ಆದರೆ ಮೊದಲ ಮದ್ದಲ್ಲ

ಮಗುವಿಗೆ ಹೊಟ್ಟೆ ನುಲಿಯತೊಡಗಿದರೆ ನಮ್ಮ ಮನೆಗಳಲ್ಲಿ ದಾದಿ ಅಥವಾ ನಾನಿಯ ಬಾಯಲ್ಲಿ ಮೊದಲು ಬರುವ ಹೆಸರು ‘ಮರೋಡ್ ಫಲಿ’. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಹಗ್ಗದಂತೆ ಹೊಸೆದುಕೊಂಡ, ಬೆರಳುದ್ದದ ಕಂದು ಬಣ್ಣದ ಒಣಕಾಯಿಗಳನ್ನು ಕಾಗದದಲ್ಲಿ ಕಟ್ಟಿಕೊಡುತ್ತಾರೆ. ಅದನ್ನು ಕಲ್ಲಿನ ಮೇಲೆ ತೇಯ್ದು ಮಗುವಿನ ನಾಲಿಗೆಗೆ ಹಚ್ಚುವುದು, ದೊಡ್ಡವರಿಗಾದರೆ ಕುದಿಸಿ ಜೋಶಾಂದಾ ಮಾಡಿ ಕುಡಿಸುವುದು ಹಿಂದಿನಿಂದ ನಡೆದುಬಂದ ರೂಢಿ.

ಈ ಕಾಯಿ ಬಿಡುವ ಗಿಡ ದೂರದ ದೇಶದ್ದಲ್ಲ. ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ಕುರುಚಲು ಕಾಡಿನಲ್ಲಿ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವ ದಾರಿಯ ಎಲೆ ಉದುರುವ ಕಾಡಿನಲ್ಲಿ ತಾನಾಗಿ ಬೆಳೆಯುವ ಗಿಡ. ಕನ್ನಡದಲ್ಲಿ ಇದಕ್ಕೆ ಎಡಮುರಿ ಎಂದು ಹೆಸರು. ಬಿಸಿಲು, ಕಲ್ಲುನೆಲ, ಕಡಿಮೆ ಮಳೆ ಯಾವುದಕ್ಕೂ ಅಂಜದೆ ಕೆಂಪು ಹೂ ಬಿಡುವ ಗಿಡ ಇದು.

ಎಡಮುರಿಗೆ ಔಷಧ ಗುಣವಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಗುಣಕ್ಕೆ ಒಂದು ಮಿತಿಯೂ ಇದೆ. ಆ ಮಿತಿ ತಿಳಿಯದೆ ಮಗುವಿನ ಭೇದಿಗೆ ಇದೊಂದನ್ನೇ ನಂಬಿ ಕೂತರೆ ಜೀವಕ್ಕೆ ಅಪಾಯವಾಗಬಹುದು. ಗುಣ ಮತ್ತು ಮಿತಿ ಎರಡನ್ನೂ ಇಲ್ಲಿ ವಿವರಿಸುತ್ತೇನೆ.

ಗಿಡವನ್ನು ಗುರುತಿಸುವುದು ಹೇಗೆ?

ಎಡಮುರಿ ಆಳೆತ್ತರದಿಂದ ಎರಡಾಳೆತ್ತರದವರೆಗೆ ಬೆಳೆಯುವ ಪೊದೆ. ಎಲೆ ಅಗಲವಾಗಿ, ಅಂಚಿನಲ್ಲಿ ಗರಗಸದ ಹಲ್ಲುಗಳಂತೆ ಇರುತ್ತದೆ. ಕೈಯಲ್ಲಿ ಸವರಿದರೆ ಒರಟು. ಫಾಲ್ಸಾ ಗಿಡವನ್ನು ನೋಡಿದವರಿಗೆ ಎಲೆ ಹೆಚ್ಚುಕಡಿಮೆ ಅದೇ ಎನ್ನಿಸುತ್ತದೆ. ಎಲೆಯ ಅಡಿಯಲ್ಲಿ ದಟ್ಟವಾದ ಸಣ್ಣ ರೋಮಗಳಿರುತ್ತವೆ. ಬಿಸಿಲಿನಲ್ಲಿ ನೀರು ಆವಿಯಾಗಿ ಹೋಗದಂತೆ ತಡೆಯಲು ಅವು ನೆರವಾಗುತ್ತವೆ. ಬೇಸಿಗೆ ಜೋರಾದಾಗ ಗಿಡ ಎಲೆಗಳನ್ನೇ ಉದುರಿಸಿ ನಿಲ್ಲುತ್ತದೆ. ಕಡಿದರೂ, ಕಾಡಿನ ಬೆಂಕಿಗೆ ಸಿಕ್ಕರೂ ಬುಡದಿಂದ ಮತ್ತೆ ಚಿಗುರುತ್ತದೆ.

ಮಳೆಗಾಲದಲ್ಲಿ ಎಲೆಯ ಬುಡದಲ್ಲಿ ಇಟ್ಟಿಗೆಗೆಂಪು ಬಣ್ಣದ ಹೂಗಳು ಬರುತ್ತವೆ. ಹೂವಿನ ದಳಗಳು ಹಿಂದಕ್ಕೆ ಮಡಚಿಕೊಂಡು, ನಡುವಿನಿಂದ ಉದ್ದನೆಯ ಕಡ್ಡಿಯೊಂದು ಬಾಗಿ ಹೊರಗೆ ಚಾಚಿರುತ್ತದೆ. ಹೂ ಹಳತಾದಂತೆ ಕೆಂಪು ಮಾಸಿ ಬೂದು ನೀಲಿಗೆ ತಿರುಗುತ್ತದೆ. ಹೀಗಾಗಿ ಒಂದೇ ಕೊಂಬೆಯಲ್ಲಿ ಎರಡು ಬಣ್ಣದ ಹೂಗಳನ್ನು ಕಾಣಬಹುದು. ಸೂರಕ್ಕಿಗಳು ಮಕರಂದಕ್ಕಾಗಿ ಇದಕ್ಕೆ ಮುತ್ತುತ್ತವೆ. ನಂತರ ಬರುವ ಕಾಯಿ ಮೊದಲು ಹಸಿರು. ಐದು ಎಳೆಗಳು ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಮಾಗಿ ಒಣಗಿದಾಗ ಕಂದು ಅಥವಾ ಕಪ್ಪು ಬಣ್ಣವಾಗಿ, ಎಳೆಗಳು ಬಿಚ್ಚಿಕೊಂಡು ಬೀಜ ಉದುರುತ್ತದೆ. ತೊಗಟೆಯ ನಾರಿನಿಂದ ಹಿಂದೆ ಹಗ್ಗ ಹೊಸೆಯುತ್ತಿದ್ದರು.

ಕೆಂಪು ಹೂವಿನ ಪೊದೆಗಳೆಲ್ಲ ಎಡಮುರಿಯಲ್ಲ. ನಮ್ಮ ಬೆಟ್ಟಗಳನ್ನು ಮುತ್ತಿರುವ ಲಂಟಾನದಲ್ಲಿಯೂ ಕೆಂಪು, ಕಿತ್ತಳೆ ಹೂಗೊಂಚಲು ಬರುತ್ತದೆ. ಅದು ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಗಿಡ, ಅದರ ಹಸಿರು ಕಾಯಿ ಮಕ್ಕಳಿಗೆ ವಿಷ. ಇನ್ನೊಂದು ತಾಮ್ರಪುಷ್ಪಿ ಅಥವಾ ಧಾತಕಿ. ಇದು ನಮ್ಮ ನಾಡಿನದೇ ಗಿಡ. ಕೊಂಬೆಯುದ್ದಕ್ಕೂ ಸಣ್ಣ ಕೊಳವೆಯಂಥ ಕೆಂಪು ಹೂ ಬಿಡುತ್ತದೆ. ಇದರ ಒಣಹೂವನ್ನು ಯುನಾನಿಯಲ್ಲಿ ಗುಲ್-ಎ-ಧಾವಾ ಎನ್ನುತ್ತೇವೆ. ಅದೂ ಭೇದಿಗೆ ಬಳಸುವ ಮದ್ದೇ. ಆದರೆ ಅಲ್ಲಿ ಬಳಸುವುದು ಹೂ, ಇಲ್ಲಿ ಕಾಯಿ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಹೆಸರಿನಲ್ಲೇ ಮದ್ದು

‘ಮುರಿ’ ಎಂದರೆ ತಿರುಚು, ಹೊಸೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ಮೇಲೆ ಬಲಮುರಿ, ಎಡಮುರಿ ಎಂಬ ಎರಡು ಸ್ಥಳಗಳಿವೆ. ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂಬ ಅದೇ ಅರ್ಥ ಗಿಡದ ಹೆಸರಿನಲ್ಲಿಯೂ ಇದೆ. ಉರ್ದುವಿನಲ್ಲಿ ‘ಮರೋಡ್’ ಎಂದರೂ ತಿರುಚುವುದೇ, ಹೊಟ್ಟೆ ನುಲಿಯುವುದಕ್ಕೂ ಅದೇ ಮಾತು. ಕರುಳು ತಿರುಚಿದಂತೆ ನೋವು, ಅದಕ್ಕೆ ತಿರುಚಿದ ಕಾಯಿಯೇ ಮದ್ದು ಎಂಬ ಎಣಿಕೆ ಹೆಸರಿನೊಳಗೇ ಕೂತಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೆಲಿಕ್ಟೆರಿಸ್ ಐಸೋರಾ. ಅಲ್ಲಿಯೂ ಮೊದಲ ಪದ ಸುರುಳಿ ಎಂಬ ಅರ್ಥದ ಗ್ರೀಕ್ ಮೂಲದಿಂದಲೇ ಬಂದಿದೆ.

ಯುನಾನಿ ವೈದ್ಯಕ್ಕೆ ಈ ಮದ್ದು ಹೇಗೆ ಬಂತು ಎಂಬುದೂ ತಿಳಿದಿರಬೇಕಾದ ಸಂಗತಿ. ಯುನಾನಿಯ ತಾಯಿಬೇರು ಗ್ರೀಸಿನಲ್ಲಿದೆ. ಅದನ್ನು ಬೆಳೆಸಿದವರು ಇಬ್ನ್ ಸೀನಾ (980-1037) ಅವರಂಥ ಅರಬ್ ಮತ್ತು ಪಾರಸಿ ನಾಡಿನ ಹಕೀಮರು. ಎಡಮುರಿಯಾದರೋ ಭಾರತ ಮತ್ತು ಆಗ್ನೇಯ ಏಷ್ಯಾದ ಕಡೆಯ ಗಿಡ. ಹಕೀಮರು ಈ ನೆಲಕ್ಕೆ ಬಂದು ನೆಲೆಸಿದ ಮೇಲೆ ಇಲ್ಲಿನ ಜನ, ಇಲ್ಲಿನ ವೈದ್ಯರು ಬಳಸುತ್ತಿದ್ದ ಗಿಡಮೂಲಿಕೆಗಳನ್ನು ಕಲಿತು ತಮ್ಮ ಔಷಧಗಳ ಪಟ್ಟಿಗೆ ಸೇರಿಸಿಕೊಂಡರು. ಮರೋಡ್ ಫಲಿ ಹಾಗೆ ಸೇರಿದ ಒಂದು. ಇಂಡೋನೇಷ್ಯಾದಲ್ಲಿಯೂ ‘ಜಾಮೂ’ ಎಂಬ ಮನೆಮದ್ದುಗಳಲ್ಲಿ ಇದೇ ಕಾಯಿಯನ್ನು ಬಳಸುತ್ತಾರೆ.

ಹೊಟ್ಟೆಯೊಳಗೆ ಇದು ಮಾಡುವ ಕೆಲಸ

ಎಡಮುರಿ ಕಾಯಿಯನ್ನು ಅಗಿದರೆ ಬಾಯಿ ಒಗರಾಗುತ್ತದೆ. ಹಸಿ ಬಾಳೆಕಾಯಿ, ದಾಳಿಂಬೆ ಸಿಪ್ಪೆ, ಕಡುಚಹಾದಲ್ಲಿ ಇರುವಂಥ ಒಗರು. ಇದಕ್ಕೆ ಕಾರಣ ಟ್ಯಾನಿನ್ ಎಂಬ ಅಂಶ. ಅದು ಕರುಳಿನ ಒಳಪದರವನ್ನು ಬಿಗಿಗೊಳಿಸಿ ಒಸರುವುದನ್ನು ಕಡಿಮೆ ಮಾಡುತ್ತದೆ. ಯುನಾನಿಯಲ್ಲಿ ಈ ಗುಣಕ್ಕೆ ‘ಕಾಬಿಜ್’ ಎನ್ನುತ್ತೇವೆ, ಅಂದರೆ ಹಿಡಿದು ನಿಲ್ಲಿಸುವುದು.

ಎರಡನೆಯ ಗುಣ ನುಲಿತವನ್ನು ಸಡಿಲಿಸುವುದು. ಪ್ರಾಣಿಗಳ ಕರುಳಿನ ತುಂಡುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಕಾಯಿಯ ಸಾರ ಬಿಗಿದ ಸ್ನಾಯುಗಳನ್ನು ಸಡಿಲಗೊಳಿಸಿದ್ದು ಕಂಡುಬಂದಿದೆ. ಅಂದರೆ ಹಿರಿಯರ ಅನುಭವ ಬರಿಯ ಕಟ್ಟುಕತೆಯಲ್ಲ. ಆದರೆ ಅದು ಕೆಲಸ ಮಾಡುವುದು ಒಳಗಿನ ಅಂಶಗಳಿಂದ, ತಿರುಚಿದ ಆಕಾರದಿಂದಲ್ಲ. ಅಕ್ರೋಟು ಮಿದುಳಿನಂತೆ ಕಾಣುವುದರಿಂದ ಮಿದುಳಿಗೆ ಮದ್ದು ಎಂದು ಲೆಕ್ಕ ಹಾಕುವ ರೂಢಿ ಅನೇಕ ನಾಡುಗಳಲ್ಲಿತ್ತು. ಆಕಾರ ನೆನಪಿಟ್ಟುಕೊಳ್ಳಲು ನೆರವಾಗುತ್ತದೆಯೇ ಹೊರತು ಗುಣಕ್ಕೆ ಸಾಕ್ಷಿಯಾಗುವುದಿಲ್ಲ.

ನಮ್ಮ ಹಿರಿಯ ಹಕೀಮರೂ ಪರೀಕ್ಷೆಗೆ ಹೆದರಿದವರಲ್ಲ. ದೆಹಲಿಯ ಹಕೀಮ್ ಅಜ್ಮಲ್ ಖಾನರು (1868-1927) ಗಿಡಮೂಲಿಕೆಗಳನ್ನು ಪ್ರಯೋಗಾಲಯಕ್ಕೆ ಕೊಂಡೊಯ್ಯಬೇಕೆಂದು ಪ್ರೋತ್ಸಾಹಿಸಿದರು. ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಅಂಶಕ್ಕೆ ಅವರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದು ಹೃದಯ ಬಡಿತದ ತೊಂದರೆಗಳಿಗೆ ಔಷಧವಾಗಿ ಬಳಕೆಗೆ ಬಂತು.

ಇದು ಮಾಡದ ಕೆಲಸ

ಭೇದಿಯಾದ ಮಗುವಿನ ಜೀವಕ್ಕೆ ಅಪಾಯ ಬರುವುದು ಬಹುಪಾಲು ನೋವಿನಿಂದಲ್ಲ, ನೀರು ಬತ್ತುವುದರಿಂದ. ಪ್ರತಿ ಬಾರಿ ನೀರಾಗಿ ಹೋದಾಗಲೂ ಮೈಯೊಳಗಿನ ನೀರು ಮತ್ತು ಉಪ್ಪಿನಂಶ ಹೊರಗೆ ಹೋಗುತ್ತದೆ. ದೊಡ್ಡವರ ಮೈ ಸ್ವಲ್ಪ ತಾಳಿಕೊಳ್ಳುತ್ತದೆ. ಆರೇಳು ಕಿಲೋ ತೂಕದ ಕೂಸು ಕೆಲವೇ ಗಂಟೆಗಳಲ್ಲಿ ಸೊರಗಿಬಿಡಬಹುದು.

ಹೋದ ನೀರನ್ನು ಮರೋಡ್ ಫಲಿ ಮರಳಿ ತುಂಬುವುದಿಲ್ಲ. ತೇಯ್ದು ನಾಲಿಗೆಗೆ ಹಚ್ಚಿದ ಆ ಅರ್ಧ ಚಮಚದಲ್ಲಿ ನೀರಾದರೂ ಎಷ್ಟಿದೆ? ಇನ್ನೊಂದು ಮಾತು, ನುಲಿತ ಕಡಿಮೆಯಾಗಿ ಮಗು ಅಳು ನಿಲ್ಲಿಸಿದರೆ ತಾಯಿಗೆ ಗುಣವಾಯಿತು ಎನ್ನಿಸುತ್ತದೆ. ಕೆಲವೊಮ್ಮೆ ಮಗು ಸುಮ್ಮನಾಗುವುದು ಗುಣವಾಗಿ ಅಲ್ಲ, ನೀರು ಬತ್ತಿ ಅಳುವ ಶಕ್ತಿ ಇಲ್ಲದೆ. ಈ ವ್ಯತ್ಯಾಸ ತಿಳಿಯುವುದು ಬಹಳ ಮುಖ್ಯ.

ಮೊದಲ ಮದ್ದು: ಉಪ್ಪು, ಸಕ್ಕರೆ, ನೀರು

ಕರುಳಿಗೆ ಸೋಂಕು ತಗಲಿದಾಗ ಬರಿ ನೀರು ಕುಡಿಸಿದರೆ ಅದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಗ್ಲೂಕೋಸ್ ಮತ್ತು ಉಪ್ಪು ತಕ್ಕ ಪ್ರಮಾಣದಲ್ಲಿ ಒಟ್ಟಿಗೆ ಇದ್ದರೆ ಎರಡೂ ಜೊತೆಯಾಗಿ ಕರುಳಿನ ಗೋಡೆ ದಾಟುತ್ತವೆ, ನೀರನ್ನೂ ತಮ್ಮ ಹಿಂದೆ ಸೆಳೆದುಕೊಂಡು ಹೋಗುತ್ತವೆ. ಭೇದಿ ನಡೆಯುತ್ತಿರುವಾಗಲೂ ಕರುಳಿನ ಈ ಬಾಗಿಲು ತೆರೆದೇ ಇರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ.

ಇದನ್ನು 1968ರಲ್ಲಿ ಢಾಕಾದಲ್ಲಿ ಕಾಲರಾ ರೋಗಿಗಳ ಮೇಲೆ ಪರೀಕ್ಷಿಸಿ ನೋಡಲಾಯಿತು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಕಾಗಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಸುಮಾರಿನಲ್ಲಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಬಹುಪಾಲು ಆ ನೀರು ಕುಡಿಸಿದ್ದು ವೈದ್ಯರಲ್ಲ, ತಾಯಂದಿರು, ಅಕ್ಕತಂಗಿಯರು, ಅಣ್ಣತಮ್ಮಂದಿರು. ನಮ್ಮ ಮನೆಗಳಲ್ಲಿಯೂ ಅದು ಸಾಧ್ಯ.

ಆಶಾ ಕಾರ್ಯಕರ್ತೆಯರ ಬಳಿ, ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಓಆರ್‌ಎಸ್ ಪೊಟ್ಟಣ ಉಚಿತವಾಗಿ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ ಕಲಕಬೇಕು. ಅರ್ಧ ಪೊಟ್ಟಣ ಅರ್ಧ ಲೀಟರಿಗೆ ಎಂದು ಅಂದಾಜಿನಲ್ಲಿ ಹಾಕಬೇಡಿ. 200 ಮಿಲಿಲೀಟರಿಗೆಂದೇ ಇರುವ ಸಣ್ಣ ಪೊಟ್ಟಣಗಳೂ ಬರುತ್ತವೆ, ಮೇಲೆ ಬರೆದಿರುವುದನ್ನು ಓದಿ ನೋಡಿ. ಕಲಸಿದ ನೀರನ್ನು 24 ಗಂಟೆಯೊಳಗೆ ಬಳಸಿ, ಉಳಿದರೆ ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಲೋಟದಲ್ಲಿ ಒಮ್ಮೆಲೇ ಕುಡಿಸಬೇಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ.

ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಹಾಕಿ ಕಲಕಿ. ಚಮಚ ಎಂದರೆ ಚಹಾ ಚಮಚ, ಗೋಪುರದಂತೆ ತುಂಬದೆ ಮಟ್ಟಸ ಮಾಡಿದ್ದು. ಉಪ್ಪು ಹೆಚ್ಚಾದರೆ ಅಪಾಯ. ನಮ್ಮ ಕಣ್ಣೀರಿಗಿಂತ ಉಪ್ಪಾಗಿರಬಾರದು ಎಂದು ನೆನಪಿಟ್ಟುಕೊಳ್ಳಿ. ಆರು ತಿಂಗಳು ದಾಟಿದ ಮಕ್ಕಳಿಗೆ ಇದರ ಜೊತೆಗೆ ಉಪ್ಪು ಹಾಕಿದ ಅಕ್ಕಿಗಂಜಿ, ಮಜ್ಜಿಗೆ, ಎಳನೀರು ಕೊಡಬಹುದು. ಬಾಟಲಿ ಜ್ಯೂಸ್, ಸೋಡಾ ಪಾನೀಯ, ಗಟ್ಟಿ ಸಿಹಿ ಶರಬತ್ತು ಬೇಡ. ಹೆಚ್ಚಿನ ಸಕ್ಕರೆ ನೀರನ್ನು ಕರುಳಿನೊಳಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಓಆರ್‌ಎಸ್ ಎಂಬ ಹೆಸರು ಹಾಕಿಕೊಂಡ ಸಿಹಿ ಪಾನೀಯಗಳು ಮಾರುಕಟ್ಟೆಯಲ್ಲಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಎಂದು ಬರೆದಿದೆಯೇ ನೋಡಿಕೊಳ್ಳಿ.

ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ, ಒಟ್ಟು 14 ದಿನ. ಭೇದಿ ನಿಂತಿತೆಂದು ಮೂರನೆಯ ದಿನಕ್ಕೇ ಬಿಡಬೇಡಿ. ಮುಂದೆ ಮತ್ತೆ ಮತ್ತೆ ಭೇದಿಯಾಗದಂತೆ ತಡೆಯುವುದು ಇದೇ.

ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಎರಡು ವರ್ಷ ಪೂರ್ತಿ ಹಾಲೂಡಿಸುವ ವಿಷಯ ಕುರ್‌ಆನಿನ ಅಲ್ ಬಕರಾ ಅಧ್ಯಾಯದಲ್ಲಿಯೇ ಬಂದಿದೆ. ಭೇದಿಯಾದ ಮಗುವಿಗೆ ಹಾಲು ಜಡವಾಗುತ್ತದೆ ಎಂದು ಬಿಡಿಸುವುದು ತಪ್ಪು. ಹೆಚ್ಚು ಸಲ ಕುಡಿಸಬೇಕು.

ಯುನಾನಿ ಶಾಸ್ತ್ರ ಏನು ಹೇಳುತ್ತದೆ?

‘ನೀವೇ ಯುನಾನಿ ವೈದ್ಯರು, ನೀವೇ ಇಂಗ್ಲಿಷ್ ಮದ್ದಿನ ಪರವಾಗಿ ಹೇಳುತ್ತೀರಲ್ಲ?’ ಎಂದು ಕೆಲವರು ಕೇಳುತ್ತಾರೆ. ಉಪ್ಪು, ಸಕ್ಕರೆ, ನೀರು ಯಾವ ಪದ್ಧತಿಯ ಸ್ವತ್ತೂ ಅಲ್ಲ. ಇನ್ನು ಯುನಾನಿಯ ನಿಯಮಗಳನ್ನೇ ನೋಡಿದರೂ ಉತ್ತರ ಇದೇ ಆಗುತ್ತದೆ.

ಯುನಾನಿಯಲ್ಲಿ ಪ್ರತಿಯೊಬ್ಬರಿಗೂ, ಪ್ರತಿ ವಯಸ್ಸಿಗೂ ಒಂದು ಮಿಜಾಜ್ ಇದೆ. ಶೈಶವದ ಮಿಜಾಜ್ ಬಿಸಿ ಮತ್ತು ಹಸಿ. ಅಂದರೆ ಕೂಸಿನ ಮೈ ತೇವದಿಂದಲೇ ಬೆಳೆಯುತ್ತದೆ. ಆ ತೇವಕ್ಕೆ ರುತೂಬತ್ ಎನ್ನುತ್ತೇವೆ. ಭೇದಿಯಲ್ಲಿ ಕಳೆದುಹೋಗುತ್ತಿರುವುದು ಆ ರುತೂಬತ್. ಅಂಥ ಹೊತ್ತಿನಲ್ಲಿ ಒಣಗಿಸುವ, ಬಿಗಿಯುವ ಮದ್ದನ್ನು ಮೊದಲು ಕೊಡುವುದು ಶಾಸ್ತ್ರಕ್ಕೆ ಒಪ್ಪುವುದಿಲ್ಲ. ಮೊದಲು ತೇವವನ್ನು ಮರಳಿ ಕೊಡಬೇಕು.

ಇನ್ನೊಂದು ನಿಯಮವೂ ಇದೆ. ಮೈಯ ಸಹಜ ಶಕ್ತಿಗೆ ಯುನಾನಿಯಲ್ಲಿ ತಬೀಯತ್ ಎನ್ನುತ್ತೇವೆ. ಕೆಟ್ಟ ಆಹಾರವೋ ಸೋಂಕೋ ಒಳಹೊಕ್ಕಾಗ ಅದನ್ನು ಹೊರದೂಡಲು ತಬೀಯತ್ ಭೇದಿಯ ದಾರಿ ಹಿಡಿಯಬಹುದು. ಆಗ ಬಾಗಿಲು ಮುಚ್ಚಿದಂತೆ ಭೇದಿಯನ್ನು ತಡೆಯಬಾರದು ಎಂದು ಹಕೀಮರು ಎಚ್ಚರಿಸುತ್ತ ಬಂದಿದ್ದಾರೆ. ಚಿಕ್ಕ ಮಕ್ಕಳಿಗೆ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ ಎಂದು ಇಂದಿನ ಮಕ್ಕಳ ತಜ್ಞರು ಹೇಳುವುದೂ ಇದೇ ಕಾರಣಕ್ಕೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಅಂಥ ಮಾತ್ರೆಯನ್ನು ಮುರಿದು ಮಗುವಿಗೆ ಕೊಡುವ ರೂಢಿಯನ್ನು ಬಿಡಬೇಕು.

ಘುಟ್ಟಿಯ ವಿಷಯದಲ್ಲೂ ಒಂದು ಮಾತು. ಮರೋಡ್ ಫಲಿ, ಜಾಯಿಕಾಯಿ, ಬಜೆ ತೇಯ್ದು ಜೇನಿನಲ್ಲಿ ಕಲಸಿ ಕೂಸಿಗೆ ನೆಕ್ಕಿಸುವುದುಂಟು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಮತ್ತು ವೈದ್ಯರು ಹೇಳಿದ ಔಷಧ ಬಿಟ್ಟು ಬೇರೇನೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ರೋಗಾಣುವಿನ ಬೀಜಕ ದೊಡ್ಡವರಿಗೆ ಏನೂ ಮಾಡುವುದಿಲ್ಲ, ಕೂಸಿನ ಕರುಳಿನಲ್ಲಿ ಮಾತ್ರ ಬೆಳೆದು ನರಗಳನ್ನು ಸೋಲಿಸುವ ವಿಷ ಹುಟ್ಟಿಸಬಲ್ಲದು. ಜೇನಿನಲ್ಲಿ ಶಿಫಾ ಇದೆ ಎಂಬ ನಮ್ಮ ನಂಬಿಕೆಗೆ ಇದರಿಂದ ಧಕ್ಕೆಯಿಲ್ಲ. ಯಾವ ವಯಸ್ಸಿಗೆ ಯಾವ ಮದ್ದು ಎಂದು ತೂಗಿ ಕೊಡುವುದೇ ಹಿಕ್ಮತ್.

ಕರುಳು ನಿಜವಾಗಿ ಸಿಕ್ಕಿಕೊಂಡಾಗ

ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ದೂರದರ್ಶಕದ ಕೊಳವೆಯಂತೆ ಜಾರಿ ಸಿಕ್ಕಿಕೊಳ್ಳುವ ಒಂದು ತೊಂದರೆ ಇದೆ. ಒಂದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಮಗು ಇದ್ದಕ್ಕಿದ್ದಂತೆ ಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು ಚೀರುತ್ತದೆ. ಕೆಲವು ನಿಮಿಷ ಬಿಟ್ಟು ಸುಮ್ಮನಾಗುತ್ತದೆ. ಹದಿನೈದಿಪ್ಪತ್ತು ನಿಮಿಷದ ನಂತರ ಮತ್ತೆ ಅದೇ ಚೀರಾಟ. ನಡುವೆ ವಾಂತಿ. ವಾಂತಿ ಹಸಿರಾಗಬಹುದು. ತಡವಾದಂತೆ ಮಲದಲ್ಲಿ ರಕ್ತ ಮತ್ತು ಲೋಳೆ ಸೇರಿ ಕೆಂಪು ಜೆಲ್ಲಿಯಂತೆ ಹೋಗುತ್ತದೆ.

ಮನೆಯವರ ಕಣ್ಣಿಗೆ ಇದು ಥೇಟ್ ‘ಮರೋಡ್’. ನುಲಿತ ಬಂದು ಹೋಗಿ ಮಾಡುತ್ತಿದೆ, ಕಾಯಿ ತೇಯ್ದು ಹಚ್ಚೋಣ, ಬೆಳಗಿನವರೆಗೆ ನೋಡೋಣ ಎನ್ನುತ್ತಾರೆ. ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುವುದು ನಿಂತಿರುತ್ತದೆ. ಬೇಗ ಆಸ್ಪತ್ರೆ ಸೇರಿದರೆ ಎಷ್ಟೋ ಸಲ ಗುದದ ದಾರಿಯಿಂದ ಗಾಳಿ ಅಥವಾ ದ್ರವ ತುಂಬಿಸಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ಬಿಡಿಸುತ್ತಾರೆ. ಒಂದು ರಾತ್ರಿ ಕಳೆದರೆ ಕರುಳು ಕೊಳೆತು ಕತ್ತರಿಸಬೇಕಾಗಬಹುದು, ಜೀವವೂ ಹೋಗಬಹುದು. ತಿರುಚಿದ ಕಾಯಿ ಈ ಸಿಕ್ಕನ್ನು ಬಿಡಿಸಲಾರದು.

ಈ ಮುಂದಿನ ಯಾವುದೊಂದು ಕಂಡರೂ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ:

• ಮಲದಲ್ಲಿ ರಕ್ತ.
• ಬಿಟ್ಟು ಬಿಟ್ಟು ಬರುವ ಚೀರಾಟ, ಹಸಿರು ವಾಂತಿ, ಊದಿದ ಹೊಟ್ಟೆ.
• ಆರು ಗಂಟೆಯಿಂದ ಮೂತ್ರವಿಲ್ಲ, ಅತ್ತರೆ ಕಣ್ಣೀರಿಲ್ಲ.
• ಕಣ್ಣು ಗುಳಿಬಿದ್ದಿದೆ, ಕೂಸಿನ ನೆತ್ತಿ ಒಳಗಿಳಿದಿದೆ.
• ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮೆಲ್ಲಗೆ ಹಿಂದೆ ಸರಿಯುತ್ತದೆ.
• ಮಗು ಮಂಕಾಗಿದೆ, ಎಬ್ಬಿಸಿದರೂ ಸರಿಯಾಗಿ ಏಳುವುದಿಲ್ಲ, ಕುಡಿಯುವುದಿಲ್ಲ.
• ಜೋರು ಜ್ವರ, ಅಥವಾ ಎರಡು ತಿಂಗಳೊಳಗಿನ ಕೂಸಿಗೆ ಭೇದಿ.
• ದೊಡ್ಡವರಲ್ಲಿ ಹೊಕ್ಕುಳಿನ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದು ನಿಂತ ನೋವು.

ಹನೂರಿನಿಂದಾಚೆಯ ಬೆಟ್ಟದ ಊರುಗಳವರು, ಬಿಳಿಗಿರಿರಂಗನ ಬೆಟ್ಟದ ಪೋಡುಗಳವರು ಆಸ್ಪತ್ರೆಗೆ ಬರಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಅಂಥ ಕಡೆಯವರು ಇನ್ನೂ ಬೇಗ ತೀರ್ಮಾನ ಮಾಡಬೇಕು. 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಎಚ್ಚರವಿರುವ ಮಗುವಿಗೆ ಚಮಚದಲ್ಲಿ ಓಆರ್‌ಎಸ್ ಕೊಡುತ್ತ ಬನ್ನಿ. ಆದರೆ ಹಸಿರು ವಾಂತಿ, ಊದಿದ ಹೊಟ್ಟೆ ಅಥವಾ ಬಿಟ್ಟು ಬಿಟ್ಟು ಬರುವ ಚೀರಾಟ ಇದ್ದರೆ ಬಾಯಿಂದ ಏನೂ ಕೊಡದೆ ಕರೆತನ್ನಿ.

ದೊಡ್ಡವರು ಬಳಸುವ ಬಗೆ

ಹೊರಗಿನ ಊಟದಿಂದಲೋ, ಮದುವೆ ಮನೆಯ ಬಿರಿಯಾನಿ ಹೆಚ್ಚಾಗಿಯೋ ಹೊಟ್ಟೆ ನುಲಿದು ಮೂರು ನಾಲ್ಕು ಸಲ ಭೇದಿಯಾದ, ಜ್ವರ ರಕ್ತ ಇಲ್ಲದ ದೊಡ್ಡವರಿಗೆ ಮರೋಡ್ ಫಲಿ ನೆಮ್ಮದಿ ಕೊಡುತ್ತದೆ. ಕಾಯಿಯನ್ನು ಚೆನ್ನಾಗಿ ಒರೆಸಿ, ಬೂಷ್ಟು ಹಿಡಿದದ್ದನ್ನು, ಹುಳು ತಿಂದದ್ದನ್ನು ತೆಗೆದುಹಾಕಿ, ಉಳಿದದ್ದನ್ನು ಕುಟ್ಟಿ ಜರಡಿ ಹಿಡಿದು ಸಫೂಫ್ ಮಾಡಿಕೊಳ್ಳಿ. ಮೂರು ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ, ದಿನಕ್ಕೆ ಎರಡು ಸಲ ಮಜ್ಜಿಗೆಯಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ. ಎರಡು ದಿನದಲ್ಲಿ ಗುಣ ಕಾಣದಿದ್ದರೆ ಮುಂದುವರಿಸದೆ ವೈದ್ಯರನ್ನು ಕಾಣಿ. ದೊಡ್ಡವರಿಗೂ ಓಆರ್‌ಎಸ್ ಜೊತೆಗಿರಲಿ.

ಗರ್ಭಿಣಿಯರು, ಮಲಬದ್ಧತೆ ಇರುವವರು ಬಳಸಬಾರದು. ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಈ ಗಿಡ ರಕ್ತದ ಸಕ್ಕರೆ ಇಳಿಸಿದ್ದು ಕಂಡಿದೆ. ಆದ್ದರಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಸೇವಿಸಬಾರದು. ಮಕ್ಕಳಿಗೆ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು ಎಂಬುದನ್ನು ಮಗುವನ್ನು ನೋಡಿದ ವೈದ್ಯರೇ ಹೇಳಬೇಕು.

ತಹಾರತ್ ಇದ್ದಲ್ಲಿ ಭೇದಿ ಕಡಿಮೆ

ದಿನಕ್ಕೆ ಐದು ಬಾರಿ ವುಜೂ ಮಾಡುವ ಮನೆಗಳಲ್ಲಿ ಕೈ ಸ್ವಚ್ಛವಾಗಿಯೇ ಇರುತ್ತದೆ ಎಂದುಕೊಳ್ಳುತ್ತೇವೆ. ವುಜೂ ಇಬಾದತ್ತಿನ ಶುದ್ಧಿ. ಇಸ್ತಿಂಜಾದ ನಂತರ ಬರಿ ನೀರಿನಲ್ಲಿ ಕೈ ತೊಳೆದರೆ ಕಣ್ಣಿಗೆ ಕಾಣದ ರೋಗಾಣು ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಅದಕ್ಕೆ ಸಾಬೂನು ಬೇಕು. ಮಗುವಿನ ಮಲ ತೊಳೆದ ಮೇಲೆ, ಅಡುಗೆಗೆ ಕೈ ಹಾಕುವ ಮುನ್ನ, ಮಗುವಿಗೆ ತುತ್ತು ಕೊಡುವ ಮುನ್ನ ಸಾಬೂನಿನಿಂದ ತೊಳೆಯಿರಿ. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಮತ್ತು ಉದ್ದ ಹಿಡಿಕೆಯ ಸೌಟು ಇರಲಿ. ಲೋಟ ಅದ್ದುವಾಗ ಬೆರಳೂ ಅದ್ದುತ್ತದೆ. ಹಾಲಿನ ಬಾಟಲಿ, ನಿಪ್ಪಲ್ ಬೇಡ, ಬಟ್ಟಲು ಮತ್ತು ಚಮಚ ಸಾಕು.

ಮಕ್ಕಳ ಭೇದಿಗೆ ದೊಡ್ಡ ಕಾರಣವಾದ ರೋಟಾ ವೈರಸ್ಸಿಗೆ ಲಸಿಕೆ ಇದೆ. ಹುಟ್ಟಿದ 6, 10 ಮತ್ತು 14ನೆಯ ವಾರದಲ್ಲಿ ಬಾಯಿಗೆ ಹಾಕುತ್ತಾರೆ. ಸರಕಾರಿ ಕೇಂದ್ರಗಳಲ್ಲಿ ಉಚಿತ.

ಗಿಡ ಉಳಿಯಲಿ

ನಮ್ಮ ಸುತ್ತಲಿನ ಕಾಡುಗಳು ಕಾಯ್ದಿಟ್ಟ ಕಾಡುಗಳು. ಕಾವೇರಿ ವನ್ಯಜೀವಿಧಾಮ, 2011ರಲ್ಲಿ ಘೋಷಣೆಯಾದ ಬಿಳಿಗಿರಿರಂಗನಾಥ ಹುಲಿ ಸಂರಕ್ಷಿತ ಪ್ರದೇಶ, 2013ರ ಮಲೆ ಮಹದೇಶ್ವರ ವನ್ಯಜೀವಿಧಾಮ ಎಲ್ಲವೂ ಈ ಮೂರು ತಾಲೂಕುಗಳಿಗೆ ತಾಗಿಕೊಂಡಿವೆ. ಅಲ್ಲಿ ನುಗ್ಗಿ ಕಾಯಿ ಕೊಯ್ಯುವುದು ಅಪರಾಧ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿದೆ. ಆ ಹಕ್ಕು ಅವರದು, ನಮ್ಮದಲ್ಲ. ಎಡಮುರಿ ಆನೆಗಳಿಗೂ ಮೇವು. ಮೇಲಾಗಿ ಲಂಟಾನ ಹಬ್ಬಿ ನಾಡಿನ ಪೊದೆಗಳ ಜಾಗ ಕಡಿಮೆಯಾಗುತ್ತಿದೆ.

ಮದ್ದಿನ ಗಿಡ ಬೇಕೆಂದರೆ ನಾವೇ ಬೆಳೆಸೋಣ. ಮಸೀದಿಯ ಆವರಣ, ಮದರಸಾದ ಅಂಗಳ, ಖಬರಸ್ತಾನದ ಬೇಲಿಯ ಸಾಲು, ಹೊಲದ ಬದು ಎಲ್ಲಿಯೂ ಇದು ಬರುತ್ತದೆ. ಬೀಜದ ಸಿಪ್ಪೆ ಗಟ್ಟಿ. ಮರಳು ಕಾಗದದ ಮೇಲೆ ಮೆಲ್ಲಗೆ ಉಜ್ಜಿ, ಬಿಸಿನೀರಿನಲ್ಲಿ ಹಾಕಿ ಆರುವವರೆಗೆ ನೆನೆಸಿ ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ. ಮಳೆ ಹಿಡಿದ ಮೇಲೆ ನೆಟ್ಟು, ಮೊದಲ ಬೇಸಿಗೆಯಲ್ಲಿ ಮಾತ್ರ ನೀರು ಕೊಟ್ಟರೆ ಮುಂದೆ ತನ್ನಷ್ಟಕ್ಕೆ ಬಾಳುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದರೆ ಸತ್ತಿತೆಂದು ಕೀಳಬೇಡಿ. ಗಿಡ ನೆಡುವುದು ಸದಖಾ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತಿರುವುದೇ.

ಇಂದೇ ಮಾಡಬಹುದಾದ ಕೆಲಸ ಇಷ್ಟು. ಅಡುಗೆಮನೆಯ ಕಪಾಟಿನಲ್ಲಿ ಮರೋಡ್ ಫಲಿಯ ಡಬ್ಬಿ ಇರುವ ಜಾಗದಲ್ಲಿ, ಅದರ ಮುಂದೆ, ನಾಲ್ಕು ಓಆರ್‌ಎಸ್ ಪೊಟ್ಟಣ ಮತ್ತು ಒಂದು ಪಟ್ಟಿ ಸತುವಿನ ಮಾತ್ರೆ ಇಡಿ. ಒಂದು ಲೀಟರ್ ಅಳತೆಯ ಬಾಟಲಿಯನ್ನೂ ಇಡಿ. ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆಯನ್ನು ಕಪಾಟಿನ ಬಾಗಿಲ ಮೇಲೆ ಬರೆಯಿರಿ. ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಕೈಗೆ ಮೊದಲು ಸಿಗಬೇಕಾದದ್ದು ಪೊಟ್ಟಣ, ಆಮೇಲೆ ಕಾಯಿ. ರೋಗ ಕೊಟ್ಟ ಅಲ್ಲಾಹನು ಮದ್ದನ್ನೂ ಕೊಟ್ಟಿದ್ದಾನೆ. ಯಾವುದು ಮೊದಲು, ಯಾವುದು ನಂತರ ಎಂದು ತಿಳಿದು ಬಳಸುವ ಹೊಣೆ ನಮ್ಮದು.